ಶತ್ರುವಿಗಿಂತ ರನ್‌ವೇ ಕಷ್ಟ: ಮೂರು ಹಳೇ ವಿಮಾನದ ಆಟಗಳು

ಮೊದಲ ಸಂಜೆ ಒಂಬತ್ತು ಸಲ ಬಿದ್ದೆ. ಶತ್ರು ಒಬ್ಬನೂ ಹತ್ತಿರ ಬಂದಿರಲಿಲ್ಲ. ಇಳಿಯಲು ಹೋಗಿ ನಾನೇ ಬಿದ್ದದ್ದು.

ಆಟದ ಹೆಸರು ‘ಫೈಟರ್ ಪೈಲಟ್’. ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಬ್ರಿಟಿಷ್ ಮನೆ ಕಂಪ್ಯೂಟರಿಗೆ 1983ರಲ್ಲಿ ಬಂದದ್ದು. ಹಾರಿಸುವುದು ಅಮೆರಿಕದ ಎಫ್-15 ಯುದ್ಧವಿಮಾನ. ಅದರ ಜೊತೆಗೆ 1985ರ ‘ಸ್ಪಿಟ್‌ಫೈರ್ 40’ ಮತ್ತು ಸಿಡ್ ಮೈಯರ್ ಮಾಡಿದ ‘ಎಫ್-15 ಸ್ಟ್ರೈಕ್ ಈಗಲ್’ ಕೂಡ ಆಡಿ ನೋಡಿದೆ. ಮೊದಲೆರಡು ಸ್ಪೆಕ್ಟ್ರಮ್‌ನವು, ಮೂರನೆಯದು ಆ ಕಾಲದ ಇನ್ನೊಂದು ಮನೆ ಕಂಪ್ಯೂಟರ್ ಕಮೊಡೋರ್ 64ರದ್ದು. ಎಲ್ಲವೂ ಲ್ಯಾಪ್‌ಟಾಪಿನಲ್ಲಿ, ಹಳೇ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲೇ ಅನ್ನಿ.

ಜಾಸ್ತಿ ಹೊತ್ತು ಕೂತದ್ದು ‘ಫೈಟರ್ ಪೈಲಟ್’ ಮುಂದೆ. ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ಓಲಾಡುವ ಒಂದು ಗೆರೆ. ಅಷ್ಟೇ ಜಗತ್ತು. ಯಂತ್ರದ ವೇಗ 3.5 ಮೆಗಾಹರ್ಟ್ಸ್, ಮೆಮೊರಿ 48 ಕೆ. ಕೀ ಒತ್ತಿದ ಮೇಲೆ ವಿಮಾನ ವಾಲುವುದಕ್ಕೆ ಒಂದು ಕ್ಷಣ ಬೇಕು. ವಾಲಲಿಲ್ಲವಲ್ಲ ಅಂತ ಇನ್ನೊಂದು ಸಲ ಒತ್ತುತ್ತೀರಿ. ಅಲ್ಲಿಗೆ ಕೆಟ್ಟಿತು! ಎಮ್ಯುಲೇಟರಿನ ವೇಗ ಎರಡರಷ್ಟು ಮಾಡಿ ನೋಡಿದೆ. ನೋಡಲು ಚೆನ್ನಾಗಿತ್ತು, ಆದರೆ ರನ್‌ವೇ ಮೈಮೇಲೆ ನುಗ್ಗಿ ಬಂತು. ಸುಮ್ನೆ ಹಳೇ ವೇಗಕ್ಕೇ ಮರಳಿದೆ.

ರನ್‌ವೇ ಮೊದಲು ಚುಕ್ಕಿಯಷ್ಟು ಕಾಣುತ್ತದೆ. ಆಮೇಲೆ ಎರಡು ಗೆರೆಯಾಗಿ ಅಗಲವಾಗುತ್ತದೆ. ಚಕ್ರ ಇಳಿಸಬೇಕು, ರೆಕ್ಕೆಯ ಫ್ಲಾಪ್ ಹಾಕಬೇಕು, ವೇಗ ಕಡಿಮೆ ಮಾಡಬೇಕು, ಮೂಗು ಮಾತ್ರ ಬೀಳಬಾರದು. ಮೆನುವಿನಲ್ಲಿ ಅಡ್ಡಗಾಳಿ, ಹೊರಗೇನೂ ಕಾಣದೆ ಇಳಿಯುವ ಕುರುಡು ಲ್ಯಾಂಡಿಂಗ್ ಬೇರೆ ಇವೆ. ಹತ್ತನೇ ಸಲ ವಿಮಾನ ನಿಂತಾಗ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಕಾದಾಟ ಮಾತ್ರ ಸಪ್ಪೆ. ಖಾಲಿ ಆಕಾಶದಲ್ಲಿ ಒಂದೇ ಒಂದು ವಿಮಾನವನ್ನು ಹುಡುಕಿಕೊಂಡು ಅಲೆಯುವುದರಲ್ಲೇ ಹೊತ್ತು ಹೋಗುತ್ತದೆ.

‘ಸ್ಟ್ರೈಕ್ ಈಗಲ್’ನಲ್ಲೂ ಅದೇ ಎಫ್-15, ಆದರೆ ಸ್ವಭಾವ ಪೂರ್ತಿ ಬೇರೆ. ಟೇಕಾಫ್ ಗೋಜೇ ಇಲ್ಲ, ಶುರುವಾಗುವಾಗಲೇ ಗಾಳಿಯಲ್ಲಿರುತ್ತೀರಿ. ಲಿಬಿಯಾ, ವಿಯೆಟ್ನಾಮಿನ ಹನೋಯ್, ಹೈಫಾಂಗ್ ಹೀಗೆ ಒಂದೊಂದು ಕಾರ್ಯಾಚರಣೆ. ಬಾಂಬು, ಕ್ಷಿಪಣಿ, ನಮ್ಮ ಮೇಲೆ ಬರುವ ಕ್ಷಿಪಣಿಯ ದಾರಿ ತಪ್ಪಿಸಲು ಫ್ಲೇರ್. ಕೈಗೆ ಬಿಡುವೇ ಇಲ್ಲ. ಮೈಯರ್ ಜೊತೆ ಮೈಕ್ರೋಪ್ರೋಸ್ ಕಂಪನಿ ಕಟ್ಟಿದ ಬಿಲ್ ಸ್ಟೀಲಿ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ಅಂಥವರ ಕಂಪನಿಯ ಆಟದಲ್ಲಿ ವಿಮಾನ ಹಾರಿಸುವುದೇ ಎಲ್ಲಕ್ಕಿಂತ ಸುಲಭದ ಕೆಲಸ! ಅರ್ಧ ಗಂಟೆ ಬಿಡುವಿದ್ದರೆ ಇದನ್ನೇ ಆಡಿ.

‘ಸ್ಪಿಟ್‌ಫೈರ್ 40’ ಮೇಲೆ ನನಗೆ ಸಿಟ್ಟೂ ಇದೆ, ಪ್ರೀತಿಯೂ ಇದೆ. ಕಾಲ 1940, ಎರಡನೇ ಮಹಾಯುದ್ಧ; ವಿಮಾನ ಬ್ರಿಟನ್ನಿನ ಸ್ಪಿಟ್‌ಫೈರ್. ಆಕಾಶ ಒಂದು ಪರದೆಯಲ್ಲಿ, ಮೀಟರುಗಳು ಇನ್ನೊಂದರಲ್ಲಿ. ಎತ್ತರ ಎಷ್ಟಿದೆ ಅಂತ ನೋಡಲು ಹೋದರೆ ಆಕಾಶ ಮಾಯ. ಸ್ಪೀಡೋಮೀಟರ್ ನೋಡಬೇಕಾದಾಗಲೆಲ್ಲ ರಸ್ತೆಯನ್ನೇ ಮುಚ್ಚಿಬಿಡುವ ಸ್ಕೂಟರ್ ಇದ್ದಂತೆ, ಅಲ್ವಾ? ಒಮ್ಮೆ ಶತ್ರು ಎದುರಿಗೇ ಇದ್ದ. ಮೀಟರ್ ನೋಡಿ ಮರಳುವಷ್ಟರಲ್ಲಿ ಅವನು ಎಲ್ಲೂ ಇಲ್ಲ.

ಆದರೆ ಇದಕ್ಕೊಂದು ಲಾಗ್‌ಬುಕ್ ಇದೆ. ಹಾರಿದ ಹೊತ್ತು, ಬೀಳಿಸಿದ ವಿಮಾನ ಎಲ್ಲ ಅದರಲ್ಲಿ ಸೇರುತ್ತಾ ಹೋಗುತ್ತದೆ. ಆಗಿನ ಹುಡುಗರು ಅದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿಟ್ಟು, ಮರುದಿನ ಮುಂದುವರಿಸುತ್ತಿದ್ದರು. ಹಾರುತ್ತಾ ಹಾರುತ್ತಾ ತೀರಾ ಕೆಳಗಿನ ಪೈಲಟ್ ಆಫೀಸರ್ ಹುದ್ದೆಯಿಂದ ಗ್ರೂಪ್ ಕ್ಯಾಪ್ಟನ್‌ವರೆಗೂ ಏರಬಹುದು.

ಲ್ಯಾಪ್‌ಟಾಪಿನಲ್ಲಿ ‘ಫೈಟರ್ ಪೈಲಟ್’ ಉಳಿಸಿಕೊಂಡಿದ್ದೇನೆ, ‘ಸ್ಟ್ರೈಕ್ ಈಗಲ್’ ಅಳಿಸಿದೆ. ‘ಸ್ಪಿಟ್‌ಫೈರ್’ ಅಳಿಸಲು ಮನಸ್ಸು ಬರುತ್ತಿಲ್ಲ. ಲಾಗ್‌ಬುಕ್ಕಿನಲ್ಲಿ ನಾನಿನ್ನೂ ಪೈಲಟ್ ಆಫೀಸರ್.