ರೇಡ್ ಕಾರ್ಡ್ ನಂಬಿದೆ, ಎರಡನೇ ಡಿಸ್ಕ್ ಹನ್ನೊಂದು ತಿಂಗಳು ಖಾಲಿಯೇ ತಿರುಗುತ್ತಿತ್ತು
ಕಡಿಮೆ ಖರ್ಚಿನಲ್ಲಿ ಲಿನಕ್ಸ್ ಫೈಲ್ ಸರ್ವರ್ ಮಾಡಬೇಕು, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯಬೇಕು ಎಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಪ್ಪಿನಿಂದ ಒಂದು ಮನೆಯವರ ಮದುವೆ ಫೋಟೋಗಳು ಹೋದವು.

ದಾವಣಗೆರೆಯಲ್ಲಿ ನಮ್ಮ ಭಾವನದು ಫೋಟೋ ಸ್ಟುಡಿಯೋ. ಆಲ್ಬಂ ಡಿಸೈನ್ ಮಾಡುವ ಮೂರು ಕಂಪ್ಯೂಟರ್‌ಗಳಿಗೂ ಫೈಲ್‌ಗಳು ಒಂದೇ ಕಡೆ ಸಿಗಲಿ ಎಂದು ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಮತ್ತು ಸಾಂಬಾ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಫ್ಟ್‌ವೇರ್) ಹಾಕಿಕೊಡಲು ಒಪ್ಪಿಕೊಂಡೆ. 4 ಟಿಬಿಯ ಎರಡು ಡಿಸ್ಕ್ ತಂದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ 1,400 ರೂಪಾಯಿಗೆ ರೇಡ್ ಕಾರ್ಡ್ ಸಿಕ್ಕಿತು. ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ಬಳಸುವುದಕ್ಕೆ ರೇಡ್ ಎನ್ನುತ್ತಾರೆ, ಅದರ ಬಗೆಗಳಿಗೆ ನಂಬರ್ ಇರುತ್ತದೆ. ಡಬ್ಬದ ಮೇಲೆ ‘ರೇಡ್ 0, 1, 10’ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಲಿನಕ್ಸ್ ಹೆಸರೂ ಇತ್ತು.

ಕಂಪ್ಯೂಟರ್ ಆನ್ ಆಗುವಾಗ ಕಾರ್ಡಿನ ಮೆನುವಿಗೆ ಹೋಗಿ ಎರಡೂ ಡಿಸ್ಕ್ ಸೇರಿಸಿ ಮಿರರ್ (ಒಂದರಲ್ಲಿ ಬರೆದದ್ದನ್ನೆಲ್ಲ ಇನ್ನೊಂದರಲ್ಲೂ ಬರೆಯುವ ಜೋಡಣೆ) ಮಾಡಿದೆ. ‘ನಾರ್ಮಲ್’ ಎಂದು ತೋರಿಸಿತು. ಆಮೇಲೆ ಡೆಬಿಯನ್ ಇನ್‌ಸ್ಟಾಲ್ ಮಾಡಲು ಕೂತಾಗ ಪರದೆಯ ಮೇಲೆ ಎರಡು ಡಿಸ್ಕ್ ಬೇರೆ ಬೇರೆಯಾಗಿ ಕಾಣಿಸಿದವು. ನಾನು ಅಲ್ಲೇ ನಿಲ್ಲಬೇಕಿತ್ತು. ಕಾರ್ಡ್ ನಿಜವಾಗಿ ಮಿರರ್ ಮಾಡುತ್ತಿದ್ದರೆ ಲಿನಕ್ಸ್‌ಗೆ ಒಂದೇ ಡಿಸ್ಕ್ ಕಾಣಿಸಬೇಕು, ಅಲ್ವಾ? ಒಳಗೆ ಕಾರ್ಡ್ ಹೇಗೂ ನಕಲು ಮಾಡಿಕೊಳ್ಳುತ್ತದೆ ಎಂದುಕೊಂಡು ಮೊದಲನೆಯದನ್ನು ಆರಿಸಿ ಮುಂದೆ ಹೋದೆ.

ಹನ್ನೊಂದು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ದಿನ ಭಾವ ಫೋನ್ ಮಾಡಿದರು. “ಫೋಟೋ ಅರ್ಧಂಬರ್ಧ ಬರ್ತಿದೆ ಕಣೋ, ಒಂದ್ಸಲ ಬಂದು ನೋಡು.” ಹೋಗಿ ತೆರೆದೆ. ಮೇಲೆ ಬಾಸಿಂಗ ಕಟ್ಟಿದ ಹಣೆ, ಅದರ ಕೆಳಗೆ ಬರೀ ಬೂದು ಬಣ್ಣ. ಮುಂದಿನ ಫೋಟೋ ತೆರೆಯಲೇ ಇಲ್ಲ. “ಭಾವ, ಗಾಬರಿ ಆಗ್ಬೇಡಿ, ಇನ್ನೊಂದು ಡಿಸ್ಕ್‌ನಲ್ಲಿ ಎಲ್ಲಾ ಇದೆ” ಎಂದು ಧೈರ್ಯ ಹೇಳಿ, ಕೆಟ್ಟ ಡಿಸ್ಕ್ ಬಿಚ್ಚಿ, ಎರಡನೆಯದರಿಂದ ಬೂಟ್ ಮಾಡಿದೆ. ಬೂಟ್ ಆಗುವ ಡಿಸ್ಕೇ ಇಲ್ಲ ಎಂದು ಬಂತು.

ಅದನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಒಂದು ಪಾರ್ಟಿಷನ್ ಕೂಡ ಇಲ್ಲ. ಸ್ಮಾರ್ಟ್‌ ವಿವರದಲ್ಲಿ (ಡಿಸ್ಕ್ ತನ್ನ ಬಗ್ಗೆ ತಾನೇ ಇಡುವ ಲೆಕ್ಕ) ಓಡಿದ ಸಮಯ 8,000 ಗಂಟೆಯ ಹತ್ತಿರ ಇತ್ತು. ಬರೆದದ್ದು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಷ್ಟು ದಿನ ಕರೆಂಟ್ ತಿಂದು ಸುಮ್ನೆ ತಿರುಗಿತ್ತು. ಭಾವ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

ಏಕೆ ಹೀಗಾಯಿತು ಎಂದರೆ, ಇಂಥ ಅಗ್ಗದ ಕಾರ್ಡ್‌ಗಳಲ್ಲಿ ಹೆಚ್ಚಿನವುಗಳಲ್ಲಿ ರೇಡ್ ಕೆಲಸ ಮಾಡುವ ಚಿಪ್ಪೇ ಇರುವುದಿಲ್ಲ. ಇರುವುದು ಬರೀ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್‌ಗಳು, ಜೊತೆಗೆ ಒಂದು ಸಣ್ಣ ಬೂಟ್ ಮೆನು. ಬೂಟ್ ಆದ ಮೇಲೆ ನಕಲು ಮಾಡಬೇಕಾದದ್ದು ಡ್ರೈವರ್. ಅದು ಹೆಚ್ಚಾಗಿ ವಿಂಡೋಸ್‌ಗೆ ಬರೆದದ್ದು. ಲಿನಕ್ಸ್ ಅದನ್ನೆಲ್ಲ ಬಿಟ್ಟು ನೇರವಾಗಿ ಡಿಸ್ಕ್‌ಗಳ ಜೊತೆ ಮಾತಾಡುತ್ತದೆ. ಇದಕ್ಕೇ ಫೇಕ್ ರೇಡ್ ಅನ್ನುವುದು. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಬರುವ ರೇಡ್ ಕೂಡ ಇದೇ ಜಾತಿ. ಕಾರ್ಡ್ ತೋರಿಸಿದ ‘ನಾರ್ಮಲ್’ ಎಂದರೆ ಎರಡೂ ಡಿಸ್ಕ್‌ನ ಮೇಲೆ ಅದರ ಗುರುತು ಇದೆ ಎಂದಷ್ಟೇ. ಒಳಗಿನ ಡೇಟಾ ಒಂದೇ ಇದೆಯಾ ಎಂದು ಅದು ನೋಡಿರಲೇ ಇಲ್ಲ.

ಕೆಟ್ಟ ಡಿಸ್ಕ್‌ನಿಂದ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಬಳಸಿ ಸಿಕ್ಕಷ್ಟು ತೆಗೆದೆ. ಅದು ಮೊದಲು ಸಲೀಸಾಗಿ ಓದಲು ಬರುವ ಜಾಗವನ್ನೆಲ್ಲ ಕಾಪಿ ಮಾಡಿ, ಹಾಳಾದ ಜಾಗಕ್ಕೆ ಆಮೇಲೆ ಮತ್ತೆ ಬರುತ್ತದೆ. ಮೂರು ದಿನ ಬೇಕಾಯಿತು. ಬಹುಪಾಲು ಬಂತು. ಒಂದು ಮದುವೆಯ ಮುಹೂರ್ತದ ಫೋಲ್ಡರ್ ಬರಲಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳನ್ನು ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಿಯಾಗಿತ್ತು. ಆ ಮನೆಯವರಿಗೆ ಭಾವನೇ ಹೋಗಿ ಹೇಳಿದರು. ನಾನೂ ಜೊತೆಗೆ ಹೋಗಿದ್ದೆ. ಹುಡುಗಿಯ ತಾಯಿ ಬೈಯಲಿಲ್ಲ. “ಧಾರೆ ಎರೆದದ್ದು ಒಂದಾದ್ರೂ ಉಳಿದಿಲ್ವಾ?” ಎಂದು ಎರಡು ಸಲ ಕೇಳಿದರು.

ಈಗ ಅದೇ ಡೆಸ್ಕ್‌ಟಾಪ್‌ನಲ್ಲಿ ಕಾರ್ಡ್ ಇಲ್ಲ. ಕೆಟ್ಟದ್ದರ ಬದಲು ಹೊಸ ಡಿಸ್ಕ್ ಹಾಕಿ, ಎರಡನ್ನೂ ಮದರ್‌ಬೋರ್ಡಿನ ಪೋರ್ಟ್‌ಗಳಿಗೇ ಕೊಟ್ಟು, ಬಯೋಸ್‌ನಲ್ಲಿ ಎಎಚ್‌ಸಿಐ (ರೇಡ್ ಇಲ್ಲದೆ ಡಿಸ್ಕ್‌ಗಳನ್ನು ಬೇರೆ ಬೇರೆಯಾಗಿ ತೋರಿಸುವ ಆಯ್ಕೆ) ಇಟ್ಟು, ಲಿನಕ್ಸ್‌ನದೇ ರೇಡ್ ಸಾಫ್ಟ್‌ವೇರ್ ಎಂಡಿಆಡಮ್‌ನಿಂದ (mdadm) ಮಿರರ್ ಮಾಡಿದ್ದೇನೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮಿರರ್ ಮಾಡಲು ಪ್ರೊಸೆಸರ್‌ಗೆ ಹೇಳಿಕೊಳ್ಳುವಂಥ ಕೆಲಸವೂ ಇಲ್ಲ. ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಇನ್ನೊಂದು. ರೇಡ್‌ನ ವಿವರ ಡಿಸ್ಕ್‌ನ ಮೇಲೇ ಇರುತ್ತದೆ. ನಾಳೆ ಮದರ್‌ಬೋರ್ಡ್ ಸುಟ್ಟರೆ, ಡಿಸ್ಕ್ ಬಿಚ್ಚಿ ಬೇರೆ ಯಾವ ಲಿನಕ್ಸ್ ಕಂಪ್ಯೂಟರ್‌ಗೆ ಹಾಕಿದರೂ ಜೋಡಣೆ ಎದ್ದು ಕೂರುತ್ತದೆ. ನಿಜವಾದ ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳೂ ಇವೆ. ಅವುಗಳಿಗೆ ತಮ್ಮದೇ ಪ್ರೊಸೆಸರ್ ಇರುತ್ತದೆ. ಒಳ್ಳೆಯವುಗಳಲ್ಲಿ ಕರೆಂಟ್ ಹೋದಾಗ ಬರೆಯುತ್ತಿದ್ದ ಡೇಟಾ ಉಳಿಸಲು ಬ್ಯಾಟರಿಯೂ ಇರುತ್ತದೆ. ಬೆಲೆ ಜಾಸ್ತಿ. ಅದು ಕೆಟ್ಟರೆ ಸಾಮಾನ್ಯವಾಗಿ ಅದೇ ಕಂಪನಿಯ, ಅದಕ್ಕೆ ಹೊಂದುವ ಕಾರ್ಡೇ ಹುಡುಕಬೇಕು. ಇಂಥ ಸಣ್ಣ ಕೆಲಸಕ್ಕೆ ಅದು ಬೇಡ. ಪೋರ್ಟ್ ಸಾಲದಿದ್ದರೆ ರೇಡ್ ಇಲ್ಲದ, ಡಿಸ್ಕ್‌ಗಳನ್ನು ಇದ್ದಹಾಗೇ ತೋರಿಸುವ ಎಚ್‌ಬಿಎ ಕಾರ್ಡ್ ತೆಗೆದುಕೊಳ್ಳಿ.

ಡಿಸ್ಕ್ ಕೊಳ್ಳುವಾಗಲೂ ಒಂದು ಮಾತು. ಎಸ್‌ಎಂಆರ್ ಡಿಸ್ಕ್ (ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವಂಥದ್ದು) ಬೇಡ, ಹೊಸ ಡಿಸ್ಕ್ ಸೇರಿಸಿ ಮತ್ತೆ ತುಂಬುವಾಗ ತೀರಾ ನಿಧಾನ ಆಗಬಹುದು. ಸಿಎಂಆರ್ (ಸಾಲುಗಳನ್ನು ಹೊದಿಸದೆ ಬರೆಯುವಂಥದ್ದು) ಎಂದು ಖಚಿತ ಮಾಡಿಕೊಂಡೇ ದುಡ್ಡು ಕೊಡಿ.

ಎಲ್ಲಾ ಮುಗಿದ ಮೇಲೆ, ನಿಜವಾದ ಡೇಟಾ ಹಾಕುವ ಮೊದಲು, ಪರೀಕ್ಷೆಗೆ ಒಂದೆರಡು ಫೈಲ್ ಹಾಕಿ, ಕಂಪ್ಯೂಟರ್ ಆಫ್ ಮಾಡಿ ಒಂದು ಡಿಸ್ಕ್‌ನ ವೈರ್ ಕೀಳಿ. ಆನ್ ಮಾಡಿದರೆ ಫೈಲ್ ತೆರೆಯಬೇಕು. ರೇಡ್‌ನ ಸ್ಥಿತಿ ತೋರಿಸುವ ‘ಎಂಡಿಸ್ಟ್ಯಾಟ್’ (/proc/mdstat) ಫೈಲ್‌ನಲ್ಲಿ ಎರಡು ‘ಯು’ ಇದ್ದ ಕಡೆ ಒಂದು ‘ಯು’, ಒಂದು ಅಡಿಗೆರೆ ಬರಬೇಕು. ಎಂಡಿಆಡಮ್‌ಗೆ ಮೇಲ್ ವಿಳಾಸ ಕೊಟ್ಟಿದ್ದರೆ, ಡಿಸ್ಕ್ ಹೋಗಿದೆ ಎಂದು ನಿಮಗೆ ಮೇಲ್ ಬರಬೇಕು. ಕಿತ್ತ ಡಿಸ್ಕನ್ನು ಮತ್ತೆ ಸೇರಿಸಿ, ಎರಡು ‘ಯು’ ವಾಪಸ್ ಬಂದ ಮೇಲೆಯೇ ಇನ್ನೊಂದು ಡಿಸ್ಕ್‌ಗೂ ಹೀಗೇ ಮಾಡಿ. ಅರ್ಧ ದಿನದ ಕೆಲಸ. ನಾನು ಅದನ್ನು ಮಾಡಿದ್ದರೆ ಆ ಫೋಲ್ಡರ್ ಉಳಿಯುತ್ತಿತ್ತು. ಮಿರರ್ ಇದ್ದರೂ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ಬೇಕೇ ಬೇಕು. ತಪ್ಪಿ ಅಳಿಸಿದ ಫೈಲ್ ಮಿರರ್‌ನಲ್ಲಿ ಎರಡೂ ಕಡೆ ಅಳಿಸಿಹೋಗುತ್ತದೆ. ಭಾವ ಈಗ ಪ್ರತಿ ಮದುವೆಯನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದ ಮೇಲೆಯೇ ಮೆಮೊರಿ ಕಾರ್ಡ್ ಮುಟ್ಟುತ್ತಾರೆ.

ಇಂಥ ಕಾರ್ಡ್ ಈಗಾಗಲೇ ಹಾಕಿಕೊಂಡಿದ್ದರೆ ಇವತ್ತೇ ಟರ್ಮಿನಲ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ (lsblk) ಕೊಟ್ಟು ನೋಡಿ. ಎರಡು ಡಿಸ್ಕ್ ಬೇರೆ ಬೇರೆ ಕಾಣಿಸಿ, ಒಂದರ ಕೆಳಗೆ ಮಾತ್ರ ಪಾರ್ಟಿಷನ್ ಇದ್ದರೆ ನಿಮ್ಮದೂ ನನ್ನದೇ ಕಥೆ. ಆಗ ಕಾರ್ಡಿನ ಮೆನುವಿಗೆ ಹೋಗಿ ‘ರೀಬಿಲ್ಡ್’ ಮಾತ್ರ ಒತ್ತಬೇಡಿ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕ್‌ನ ಮೇಲೆ ನಕಲು ಮಾಡಿಬಿಟ್ಟರೆ ಏನೂ ಉಳಿಯುವುದಿಲ್ಲ. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿ, ನಾಲ್ಕಾರು ಫೋಟೋ ತೆರೆದು ನೋಡಿ, ಆಮೇಲೆ ಕಾರ್ಡ್ ಬಿಚ್ಚಿ.