13 ವರ್ಷ ಓಡಿಸಿದ ಕಾರನ್ನು ಕೊನೆಗೂ ಬಿಟ್ಟೆ: ಯಾಕೆ ಬಿಟ್ಟೆ, ಬದಲಿಗೆ ಏನು ತಂದೆ

ಹೊಸದಾಗಿ ಕೊಂಡಿದ್ದು. 13 ವರ್ಷ ಓಡಿಸಿದೆ. ಬಿಡುವಾಗ ಮೀಟರಿನಲ್ಲಿ 1,87,000 ಕಿಲೋಮೀಟರ್ ಇತ್ತು. 1.2 ಲೀಟರ್ ಪೆಟ್ರೋಲ್ ಇಂಜಿನ್, ಐದು ಗೇರಿನ ಮ್ಯಾನ್ಯುಯಲ್, ಪುಟ್ಟ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಡ. ಈ ವಯಸ್ಸಿನ ಯಾವ ಕಾರಿನ ಕಥೆಯೂ ಹೆಚ್ಚುಕಡಿಮೆ ಇದೇ.

ಮೊದಲ ಎಂಟು ವರ್ಷದ ಬಗ್ಗೆ ಹೇಳೋಕೆ ಏನೂ ಇಲ್ಲ. ಆಯಿಲ್, ಫಿಲ್ಟರ್, ಟೈರು, ಎರಡು ಸಲ ಬ್ಯಾಟರಿ. ಅಷ್ಟೇ.

ಕಾರಿಗೆ ವಯಸ್ಸಾಗೋದು ಇಂಜಿನ್ನಿನಿಂದ ಅಂದುಕೊಂಡಿದ್ದೆ. ನನ್ನ ಕಾರಿಗೆ ವಯಸ್ಸಾಗಿದ್ದು ರಬ್ಬರಿನಿಂದ. ಒಂಬತ್ತನೇ ವರ್ಷ ಸಸ್ಪೆನ್ಷನ್ ಬುಷ್‌ಗಳು (ಚಕ್ರದ ಜೋಡಣೆಯಲ್ಲಿ ಕುಲುಕಾಟ ತಡೆಯುವ ರಬ್ಬರ್ ತುಂಡುಗಳು) ಹೋದವು, ಹಂಪು ಹತ್ತಿದಾಗೆಲ್ಲ ಕಟಕಟ ಸದ್ದು. ಆಮೇಲೆ ಇಂಜಿನ್ ಮೌಂಟಿಂಗ್, ಅದರ ಹಿಂದೆಯೇ ರೇಡಿಯೇಟರ್ ಹೋಸ್, ಬಾಗಿಲ ಬೀಡಿಂಗ್. ‘ನಂದು ತುಂಬಾ ಕಮ್ಮಿ ಓಡಿರೋ ಗಾಡಿ’ ಅಂತ ಖುಷಿಪಡುವವರು ಇದನ್ನು ಗಮನಿಸಬೇಕು. ರಬ್ಬರು ಕಿಲೋಮೀಟರ್ ಎಣಿಸೋದಿಲ್ಲ, ನಿಂತಲ್ಲೇ ಒಣಗುತ್ತದೆ.

ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ಓಡಿಸುವ ರಬ್ಬರ್ ಪಟ್ಟಿ. ಅದರ ವಿಷಯದಲ್ಲಿ ಮಾತ್ರ ನಾನು ಜಿಪುಣತನ ಮಾಡಲಿಲ್ಲ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಆಗ ಬದಲಿಸಿ ಅಂತ ಕಾರಿನ ಪುಸ್ತಕದಲ್ಲೇ ಇರುತ್ತದೆ. ಬದಲಿಸಿದ ದಿನ ಮೆಕ್ಯಾನಿಕ್ ಹಳೇ ಬೆಲ್ಟನ್ನು ಕೈಗೆ ಕೊಟ್ಟರು. ನೋಡೋಕೆ ಚೆನ್ನಾಗೇ ಇತ್ತು. ಹಿಂದುಮುಂದಾಗಿ ಬಗ್ಗಿಸಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಇದು ಓಡುವಾಗ ತುಂಡಾದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್‌ಗೂ ಪಿಸ್ಟನ್‌ಗೂ ಡಿಕ್ಕಿಯಾಗುತ್ತದೆ. ಆಮೇಲೆ ರಿಪೇರಿಯ ಮಾತೇ ಬೇರೆ. ಬೆಲ್ಟಿನ ಬದಲು ಚೈನ್ ಇರುವ ಇಂಜಿನ್ ಆದರೆ ಈ ತಲೆನೋವು ಕಮ್ಮಿ.

ಹನ್ನೊಂದನೇ ವರ್ಷದಿಂದ ಒಂದು ನೋಟ್‌ಬುಕ್ ಇಟ್ಟೆ. ಖರ್ಚನ್ನು ಎರಡು ಕಾಲಮ್ಮಿನಲ್ಲಿ ಬರೆಯುತ್ತಿದ್ದೆ. ಒಂದು ಸವೆತದ್ದು: ಟೈರ್, ಬ್ರೇಕ್ ಪ್ಯಾಡ್, ಕ್ಲಚ್. ಯಾವ ಕಾರಿಗಾದರೂ ಇದು ಇದ್ದದ್ದೇ. ಇನ್ನೊಂದು ವಯಸ್ಸಿನದ್ದು: ಸೋರಿಕೆ, ತುಕ್ಕು, ವೈರಿಂಗ್, ಪವರ್ ವಿಂಡೋ ಮೋಟರ್. ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ ಅಂತ ಸುಮಾರು ಜನ ಹೇಳ್ತಾರೆ. ನನಗದು ಒಪ್ಪಿಗೆಯಿಲ್ಲ. ಹಳೇ ಕಾರಿನ ಮಾರುಬೆಲೆ ಎಷ್ಟು ಬಿದ್ದಿರುತ್ತದೆ ಅಂದರೆ ಒಂದು ಕ್ಲಚ್ ಕೆಲಸಕ್ಕೇ ಆ ಗೆರೆ ದಾಟಬಹುದು. ಹೋಲಿಸಬೇಕಾದ್ದು ಹೊಸದನ್ನು ತಂದರೆ ಒಂದು ವರ್ಷಕ್ಕೆ ಎಷ್ಟು ಹೋಗುತ್ತೆ ಅನ್ನೋದರ ಜೊತೆ: ಸಾಲದ ಬಡ್ಡಿ, ಜಾಸ್ತಿ ವಿಮೆ, ಎಲ್ಲಕ್ಕಿಂತ ಮುಖ್ಯವಾಗಿ ಮೊದಲ ವರ್ಷಗಳಲ್ಲಿ ಕರಗುವ ಬೆಲೆ. ಆ ವರ್ಷ ಕ್ಲಚ್ಚೂ ಶಾಕ್ ಅಬ್ಸಾರ್ಬರ್‌ಗಳೂ ಒಟ್ಟಿಗೇ ಬಂದವು. ಆದರೂ ಲೆಕ್ಕ ಹಳೇ ಕಾರಿನ ಕಡೆಗೇ ಇತ್ತು. ಇಟ್ಟುಕೊಂಡೆ. ಹನ್ನೆರಡನೇ ವರ್ಷ ವಯಸ್ಸಿನ ಕಾಲಮ್ಮು ಸವೆತದ ಕಾಲಮ್ಮನ್ನು ಹಿಂದೆ ಹಾಕಿತು.

ಆಮೇಲೆ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ. ವಾರಕ್ಕೊಮ್ಮೆ ನೋಡಿದರೆ ಬಾಟಲಿಯಲ್ಲಿ ಒಂದು ಬೆರಳಷ್ಟು ಇಳಿದಿರುತ್ತಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬರುವ ಬಿಳಿ ಆವಿ ಬೇರೆ, ಅದಕ್ಕೆ ಹೆದರಬೇಡಿ. ನನ್ನದು ಹೆಡ್ ಗ್ಯಾಸ್ಕೆಟ್: ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು ಹೋಗಿ, ಕೂಲೆಂಟ್ ಒಳಗೇ ಆವಿಯಾಗಿ ಹೋಗುತ್ತಿತ್ತು. ಅದನ್ನೂ ಮಾಡಿಸುವವನೇ ಇದ್ದೆ, ನಿಜ ಹೇಳಬೇಕಂದ್ರೆ. ಅಷ್ಟರಲ್ಲಿ ಕಾಲಡಿ ತೇವ ಯಾಕೆ ಅಂತ ಮ್ಯಾಟ್ ಎತ್ತಿ ನೋಡಿದರೆ ಕಾರಿನ ತಳ ಕಂದು ಬಣ್ಣಕ್ಕೆ ತಿರುಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಒತ್ತಿದೆ. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಇಂಜಿನ್ ಬಿಚ್ಚಿ ಕಟ್ಟಬಹುದು. ಆದರೆ ಡಿಕ್ಕಿಯಾದಾಗ ನಮ್ಮನ್ನು ಕಾಯಬೇಕಾದ ತಗಡೇ ಹಾಗಾದರೆ?

ಅವತ್ತು ಇನ್ನೊಂದು ವಿಷಯವೂ ಹೊಳೆಯಿತು. ಸುಮಾರು ಒಂದು ವರ್ಷದಿಂದ, ರಾತ್ರಿ ದೂರ ಹೋಗೋದಿದ್ದರೆ ನಾನು ತಮ್ಮನ ಕಾರು ಕೇಳಿ ತಗೊಂಡು ಹೋಗ್ತಿದ್ದೆ. ಏನೇನೋ ನೆಪ ಹೇಳುತ್ತಿದ್ದೆ: ಡಿಕ್ಕಿ ದೊಡ್ಡದು, ಎಸಿ ಚೆನ್ನಾಗಿದೆ. ಅಸಲಿಗೆ ನನ್ನ ಕಾರಿನ ಮೇಲೆ ನಂಬಿಕೆ ಹೋಗಿತ್ತು. ನೋಟ್‌ಬುಕ್ಕಿನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ. ಇದ್ದಿದ್ದರೆ ಒಂದು ವರ್ಷ ಮೊದಲೇ ಬಿಡುತ್ತಿದ್ದೆ.

ಬದಲಿಗೆ ಏನು? ಎಲೆಕ್ಟ್ರಿಕ್ ತುಂಬಾ ಇಷ್ಟವಿತ್ತು. ಆದರೆ ನಾನು ನಿಲ್ಲಿಸುವ ಜಾಗದಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸೋಕೆ ಆಗಲ್ಲ. ಅದೊಂದಿದ್ದಿದ್ದರೆ ಎರಡನೇ ಮಾತಿರಲಿಲ್ಲ. ಡೀಸೆಲ್ ಬೇಡವೇ ಬೇಡ. ನನ್ನ ದಿನದ ಓಡಾಟ ಒಂಬತ್ತು ಕಿಲೋಮೀಟರ್. ಈಗಿನ ಡೀಸೆಲ್ ಕಾರುಗಳ ಹೊಗೆ ಫಿಲ್ಟರಿನ ಮಸಿ ಉರಿದುಹೋಗೋಕೆ ಅದು ಚೆನ್ನಾಗಿ ಬಿಸಿಯಾಗಬೇಕು. ಗಿಡ್ಡ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಕೊನೆಗೆ ತಂದಿದ್ದು ಮೂರು ವರ್ಷ ಹಳೆಯ, ಟರ್ಬೊ ಇಲ್ಲದ ಪೆಟ್ರೋಲ್, ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ (ಕ್ಲಚ್ ಪೆಡಲ್ ಇಲ್ಲ, ಇಂಜಿನ್ನಿನ ಶಕ್ತಿ ದ್ರವದ ಮೂಲಕ ಗೇರಿಗೆ ಹೋಗುತ್ತದೆ). ಕರಗುವ ಬೆಲೆಯ ದೊಡ್ಡ ಪಾಲನ್ನು ಮೊದಲ ಮಾಲೀಕರು ಕಟ್ಟಿಬಿಟ್ಟಿದ್ದಾರೆ, ಪುಣ್ಯಾತ್ಮರು. ಆರು ಏರ್‌ಬ್ಯಾಗು ಮತ್ತು ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರಿದಾಗ ಹಿಡಿತಕ್ಕೆ ತರುವ ವ್ಯವಸ್ಥೆ) ಇಲ್ಲದ ಕಾರನ್ನು ನೋಡಲೇ ಇಲ್ಲ. ಹಳೆಯದರಲ್ಲಿ ಎರಡೇ ಏರ್‌ಬ್ಯಾಗ್ ಇದ್ದವು.

ಕೊಳ್ಳುವ ಮುಂಚೆ ನೋಡಿದ ಒಂದು ಕಾರನ್ನು ಬಾನೆಟ್ ಮುಟ್ಟಿಯೇ ಬಿಟ್ಟುಬಂದೆ. ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಅಂದಿದ್ದೆ, ಇಂಜಿನ್ ಬಿಸಿಯಾದರೆ ಕೆಲವು ದೋಷ ಮುಚ್ಚಿಹೋಗುತ್ತವೆ. ನಾನು ಹೋಗುವಷ್ಟರಲ್ಲಿ ಬೆಚ್ಚಗಾಗಿತ್ತು. ‘ಈಗಷ್ಟೇ ತೊಳೆದು ತಂದೆ’ ಅಂದರು. ಇನ್ನೊಂದಕ್ಕೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿದಾಗ ದೋಷದ ಕೋಡ್ ಒಂದೂ ಇರಲಿಲ್ಲ. ಆದರೆ ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳಲ್ಲಿ ಸುಮಾರು ‘ಪೂರ್ತಿಯಾಗಿಲ್ಲ’ ಅಂತ ತೋರಿಸುತ್ತಿದ್ದವು. ಬ್ಯಾಟರಿ ಕಳಚಿದರೂ ಹೀಗಾಗುತ್ತದೆ, ಬರುವ ಮುಂಚೆ ಯಾರೋ ಕೋಡ್ ಅಳಿಸಿದರೂ ಹೀಗೇ ಆಗುತ್ತದೆ. ಯಾವುದು ಅಂತ ಕೇಳುತ್ತಾ ನಿಲ್ಲಲಿಲ್ಲ. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯನ್ನೂ ಮರೆಯಬೇಡಿ.

ಈಗ ಒಂಬತ್ತು ತಿಂಗಳಾಗಿದೆ, 8,000 ಕಿಲೋಮೀಟರ್. ಮೈಲೇಜ್ ಹಳೆಯದಕ್ಕಿಂತ ಕಮ್ಮಿ. ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಸಿಕ್ಕ ಆರಾಮಕ್ಕೆ ಅದು ಪರವಾಗಿಲ್ಲ. ಗಾಜಿನ ಪಕ್ಕದ ಕಂಬ ಎಷ್ಟು ದಪ್ಪ ಅಂದರೆ ತಿರುವಿನಲ್ಲಿ ಒಂದು ಬೈಕೇ ಅದರ ಹಿಂದೆ ಮಾಯವಾಗುತ್ತದೆ. ಕತ್ತು ಮುಂದೆ ಚಾಚಿ ನೋಡೋದು ಅಭ್ಯಾಸವಾಗಿದೆ. ಎಸಿ ಮಾತ್ರ ಪೂರ್ತಿ ಸ್ಕ್ರೀನಿನೊಳಗೆ. ಫ್ಯಾನ್ ಸ್ವಲ್ಪ ಕಮ್ಮಿ ಮಾಡೋಕೆ ರಸ್ತೆಯಿಂದ ಕಣ್ಣು ತೆಗೆದು ಎರಡು ಸಲ ಒತ್ತಬೇಕು, ಇದ್ಯಾವ ಬುದ್ಧಿವಂತಿಕೆ ಅಂತೀನಿ. ಮತ್ತೆ ಇದೇ ಕಾರು ಕೊಳ್ತೀಯಾ ಅಂದರೆ ಹೌದು. ಆದರೆ ಎಸಿಗೆ ನಾಬ್ ಇರುವ ಕೆಳಗಿನ ವೇರಿಯಂಟ್.