ಬರೆಯುವವರಿಗೆ ಉಡುಗೊರೆ: ಮೇಜಿನ ಮೇಲೆ ಉಳಿದವು, ಡ್ರಾಯರ್ ಸೇರಿದವು

ವರ್ಷದ ಕೊನೆಯ ರಜೆ ಹತ್ತಿರ ಬಂತು ಅಂದರೆ ನನಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. "ನಮ್ಮ ಅಕ್ಕ ಕತೆ ಬರೀತಾಳೆ, ಅವಳಿಗೆ ಏನು ಕೊಡಲಿ?" "ಬರೆಯೋರಿಗೆ ಒಂದು ಒಳ್ಳೆ ಪೆನ್ನು ಕೊಟ್ಟರೆ ಆಯ್ತಲ್ವಾ?" ನಾನೂ ಕತೆ ಬರೆಯುವವರ ಪೈಕಿ. ಇಂಥ ಉಡುಗೊರೆಗಳು ಎಷ್ಟೋ ವರ್ಷದಿಂದ ನನ್ನ ಮನೆಗೆ ಬರುತ್ತಲೇ ಇವೆ. ಕೆಲವು ಮೇಜಿನ ಮೇಲಿವೆ. ಉಳಿದವೆಲ್ಲ ಕೆಳಗಿನ ಡ್ರಾಯರ್‌ನಲ್ಲಿ. ಆ ಡ್ರಾಯರ್ ಈಗ ಪೂರ್ತಿ ಮುಚ್ಚುವುದಿಲ್ಲ.

ಹಾಗಾಗಿ ಈ ವರ್ಷ ಡ್ರಾಯರ್‌ನಿಂದ ಎಲ್ಲವನ್ನೂ ಹೊರಗೆ ತೆಗೆದೆ. ಒಂದೇ ಕೆಲಸಕ್ಕೆ ಬರುವ ಎರಡೆರಡನ್ನು ಜೋಡಿ ಮಾಡಿ, ಒಂದು ವಾರ ಇದು, ಒಂದು ವಾರ ಅದು ಅಂತ ಬಳಸಿದೆ. ದೊಡ್ಡ ಪ್ರಯೋಗವೇನಲ್ಲ. ಆ ಎರಡು ವಾರ ಮುಗಿದ ಮೇಲೆ ಕೈ ತಾನಾಗಿ ಯಾವುದರ ಕಡೆ ಹೋಗುತ್ತದೆ ಅಂತ ನೋಡಿದೆ, ಅಷ್ಟೇ.

ಮೊದಲ ಜೋಡಿ ನೋಟ್‌ಬುಕ್ಕುಗಳದ್ದು. ಒಂದಕ್ಕೆ ಚರ್ಮದ ರಟ್ಟು, ಹೊಲಿದ ಬೆನ್ನು, ಪುಟ ಗುರುತಿಗೆ ರೇಷ್ಮೆಯ ದಾರ. ಇನ್ನೊಂದು ಎ5 ಅಳತೆಯ ಮಾಮೂಲಿ ಸ್ಪೈರಲ್ ನೋಟ್‌ಬುಕ್. ವಾರದ ಕೊನೆಗೆ ಸ್ಪೈರಲ್‌ನಲ್ಲಿ 34 ಪುಟ ತುಂಬಿತ್ತು. ಚರ್ಮದ್ದರಲ್ಲಿ ಎರಡು. ಅದರಲ್ಲೂ ಒಂದು ಪುಟದಲ್ಲಿ ಇದ್ದದ್ದು ಬರೀ ತಾರೀಕು ಮತ್ತು ದುಂಡಗೆ ಬರೆದ ಒಂದು ತಲೆಬರಹ. ಅಷ್ಟು ಚೆಂದದ ಪುಸ್ತಕದಲ್ಲಿ ಕೆಟ್ಟ ವಾಕ್ಯ ಬರೆಯಲು ಕೈ ಬರುವುದಿಲ್ಲ ನೋಡಿ. ಮೊದಲ ಸಲಕ್ಕೆ ಬರೆಯುವುದೆಲ್ಲ ಕೆಟ್ಟದಾಗೇ ಇರುತ್ತದೆ. ಅದನ್ನು ಧೈರ್ಯವಾಗಿ ಗೀಚಲು ಒಂದು ಜಾಗ ಬೇಕು.

ಇನ್ನೊಂದು ತೊಂದರೆ ಕೈಯಲ್ಲಿ ಹಿಡಿದ ಮೇಲೆ ಗೊತ್ತಾಯಿತು. ಚರ್ಮದ್ದು ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಬರೆಯಬೇಕು. ಸ್ಪೈರಲ್ ಆದರೆ ಹಿಂದಕ್ಕೆ ಮಡಚಿ ತೊಡೆಯ ಮೇಲಿಟ್ಟುಕೊಂಡೂ ಬರೆಯಬಹುದು. ಬರೆಯುವವರು ಎಡಗೈಯವರಾದರೆ ಮಾತ್ರ ಪಕ್ಕದ ತಂತಿ ಮಣಿಕಟ್ಟಿಗೆ ಚುಚ್ಚುತ್ತದೆ. ಅವರಿಗೆ ಮೇಲ್ಗಡೆ ತಂತಿ ಇರುವುದನ್ನು ಕೊಡಿ.

ಕಾಗದದ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಜಿಎಸ್ಎಂ ನೋಡಿ ತಗೊಳ್ಳಿ ಅನ್ನುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನಾನೂ ನಂಬಿದ್ದೆ. ಆದರೆ ಆ ಚರ್ಮದ ಪುಸ್ತಕದ ದಪ್ಪ, ಒರಟು ಹಾಳೆಯಲ್ಲಿ ಇಂಕು ಬೇರು ಬಿಟ್ಟ ಹಾಗೆ ಹರಡಿತು. ಇನ್ನೊಂದು ಕಡೆ ಟೊಮೊಯೆ ರಿವರ್ ಅನ್ನುವ ಜಪಾನಿ ಕಾಗದವಿದೆ. 52 ಜಿಎಸ್ಎಂ ಅಷ್ಟೇ, ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ. ಇಂಕ್ ಪೆನ್ನಿನವರು ಅದಕ್ಕೇ ಪ್ರಾಣ ಬಿಡುತ್ತಾರೆ. ಕಾಗದದ ಮೇಲ್ಮೈಯನ್ನು ಹೇಗೆ ಹದ ಮಾಡಿದ್ದಾರೆ ಅನ್ನುವುದು ತೂಕಕ್ಕಿಂತ ಮುಖ್ಯ. ಸಾಧ್ಯವಾದರೆ ಒಂದು ಮೂಲೆಯಲ್ಲಿ ಗೀಚಿ ನೋಡಿ ತಗೊಳ್ಳಿ.

ಚೆಂದದ ನೋಟ್‌ಬುಕ್ಕೇ ಕೊಡಬೇಕು ಅಂತ ಆಸೆ ಇದ್ದರೆ ಒಂದು ಉಪಾಯ ಇದೆ. ಮೊದಲ ಪುಟವನ್ನು ನೀವೇ ಹಾಳು ಮಾಡಿ ಕೊಡಿ. ಸುಮ್ನೆ ಪೆನ್ನು ಬರೆಯುತ್ತದಾ ಅಂತ ನಾಲ್ಕು ಸುರುಳಿ ಸುತ್ತಿದರೂ ಸಾಕು. ನನ್ನ ಡ್ರಾಯರ್‌ನಿಂದ ಪಾರಾದ ಒಂದೇ ಒಂದು ದುಬಾರಿ ಪುಸ್ತಕ ಹಾಗೆ ಪಾರಾದದ್ದು. ಕೊಟ್ಟವರು ಮೊದಲ ಪುಟದಲ್ಲಿ ಸೊಟ್ಟ ಅಕ್ಷರದಲ್ಲಿ ಹಾರೈಕೆ ಬರೆದು, ತಪ್ಪಾಯಿತು ಅಂತ ಹೊಡೆದುಹಾಕಿ, ಮತ್ತೆ ಬರೆದಿದ್ದರು.

ಇನ್ನು ಪೆನ್ನು. ಇಂಕ್ ಪೆನ್ನು ಒಂದು ವಾರ, ಜೆಲ್ ಪೆನ್ನು ಒಂದು ವಾರ. ಇಲ್ಲಿ ನನಗೆ ಸುಲಭವಾಗಿ ತೀರ್ಪು ಕೊಡಲು ಆಗಲಿಲ್ಲ. ಇಂಕ್ ಪೆನ್ನನ್ನು ಒತ್ತಿ ಬರೆಯಬೇಕಾಗಿಲ್ಲ. ನಿಬ್ಬು ಕಾಗದಕ್ಕೆ ತಾಗಿದರೆ ಸಾಕು, ನೀರಿನಂಥ ಇಂಕು ತಾನೇ ಹರಿಯುತ್ತದೆ. ಮಾಮೂಲಿ ಬಾಲ್ ಪೆನ್ನಿನದು (ಜೆಲ್‌ನದಲ್ಲ) ಎಣ್ಣೆಯ ಮಂದ ಇಂಕು, ಒತ್ತಲೇಬೇಕು. ಎರಡು ಗಂಟೆ ಒಂದೇ ಸಮನೆ ಬರೆದಾಗ ಹೆಬ್ಬೆರಳ ಬುಡದಲ್ಲಿ ಈ ವ್ಯತ್ಯಾಸ ತಿಳಿಯುತ್ತದೆ. ಆ ವಾರ ನನಗೆ ಕೈ ನೋವೇ ಬರಲಿಲ್ಲ.

ಆದರೆ ಇಂಕ್ ಪೆನ್ನು ಒಂದು ಸಾಕುಪ್ರಾಣಿ ಇದ್ದ ಹಾಗೆ. ಕ್ಯಾಪು ಹಾಕಲು ಮರೆತು ಫೋನ್ ಎತ್ತಿದರೆ ನಿಬ್ಬು ಒಣಗಿ ಕೂತಿರುತ್ತದೆ. ಕನ್ವರ್ಟರ್, ಅಂದರೆ ಪೆನ್ನಿನೊಳಗೆ ಇಂಕು ತುಂಬಿಸುವ ಪುಟ್ಟ ಕೊಳವೆ, ಅದರಲ್ಲಿ ಸಾಮಾನ್ಯವಾಗಿ ಹಿಡಿಸುವುದು ಒಂದು ಮಿಲಿಲೀಟರ್‌ಗಿಂತ ಕಡಿಮೆ ಇಂಕು. ಬಣ್ಣ ಬದಲಿಸುವ ಮುಂಚೆ ತಿಳಿ ನೀರು ಬರುವ ತನಕ ತೊಳೆಯಬೇಕು. ಇದೆಲ್ಲ ಇಷ್ಟಪಡುವವರು ಇದ್ದಾರೆ. ನಾನು ಅರ್ಧ ಇಷ್ಟಪಡುತ್ತೇನೆ. ಬರೆಯದೇ ತಪ್ಪಿಸಿಕೊಳ್ಳಲು ಪೆನ್ನು ತೊಳೆಯುವುದರಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ!

ನನ್ನ ಸಲಹೆ ಹೀಗೆ. ಅವರು ಈಗಾಗಲೇ ಇಂಕ್ ಪೆನ್ನು ಬಳಸುವವರಾ? ಹಾಗಿದ್ದರೆ ಪೆನ್ನು ಬೇಡ, ಒಂದು ಬಾಟಲಿ ಇಂಕು ಕೊಡಿ. ಪೆನ್ನಿನ ವಿಷಯದಲ್ಲಿ ಅವರಿಗೆ ಅವರದೇ ಹಟ ಇರುತ್ತದೆ. ಒಬ್ಬರ ಫೈನ್ (ಸಣ್ಣ ಗೆರೆಯ) ನಿಬ್ಬು ಇನ್ನೊಬ್ಬರಿಗೆ ಸೂಜಿ. ಜಪಾನಿನ ಫೈನ್ ಸಾಮಾನ್ಯವಾಗಿ ಯೂರೋಪಿನ ಫೈನ್‌ಗಿಂತ ಸಣ್ಣ ಗೆರೆ ಎಳೆಯುತ್ತದೆ. ಇಂಕಿನಲ್ಲೂ ಹುಷಾರು. ಚಿತ್ರ ಬಿಡಿಸಲು ಬಳಸುವ ಇಂಡಿಯನ್ ಇಂಕನ್ನು ಯಾವತ್ತೂ ತರಬೇಡಿ. ಒಳಗೆ ಗಟ್ಟಿಯಾಗಿ ಪೆನ್ನನ್ನೇ ಕೊಲ್ಲುತ್ತದೆ. ಮಿನುಗುವ ಪುಡಿ ಬೆರೆಸಿದ್ದೂ ಸಣ್ಣ ನಿಬ್ಬಿನಲ್ಲಿ ಕಟ್ಟಿಕೊಳ್ಳುತ್ತದೆ. ಸಾದಾ ನೀಲಿ, ಸಾದಾ ಕಪ್ಪು ಸಾಕು.

ಇಂಕ್ ಪೆನ್ನಿನವರಲ್ಲ ಅಂದರೆ ಅವರ ಮೇಜಿನ ಮೇಲೆ ಯಾವ ಜೆಲ್ ಪೆನ್ನಿದೆ ಅಂತ ಕದ್ದು ನೋಡಿ, ಅದರದೇ ಹನ್ನೆರಡು ರೀಫಿಲ್ ತಂದುಕೊಡಿ. ತುದಿಯ ಅಳತೆ 0.5 ಮಿಲಿಮೀಟರ್ ಆದರೆ 0.5, 0.7 ಆದರೆ 0.7. ಬಿಚ್ಚಿದಾಗ ಮುಖದಲ್ಲಿ ಆಶ್ಚರ್ಯ ಕಾಣಿಸದೇ ಹೋಗಬಹುದು. ಆದರೆ ಒಂದೂ ಡ್ರಾಯರ್‌ನಲ್ಲಿ ಉಳಿಯುವುದಿಲ್ಲ.

ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಅಂತ ನನಗೆ ಬಂದದ್ದು ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಲಿಯ ಕೆಳಗೂ ಒಂದು ಬಿಡಿ ಸ್ವಿಚ್ಚು ಇರುವಂಥದ್ದು) ಮತ್ತು ಲ್ಯಾಪ್‌ಟಾಪ್ ಸ್ಟ್ಯಾಂಡ್, ಬೇರೆ ಬೇರೆ ವರ್ಷ, ಬೇರೆ ಬೇರೆಯವರಿಂದ. ಸ್ಟ್ಯಾಂಡ್ ಒಂದನ್ನೇ ಬಳಸಿದ ವಾರ ಕುತ್ತಿಗೆಗೆ ಆರಾಮ ಸಿಕ್ಕಿತು, ಮಣಿಕಟ್ಟು ಹೋಯಿತು. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬಂದರೆ ಕೀಲಿಗಳೂ ಮೇಲಕ್ಕೆ ಏರುತ್ತವಲ್ಲ! ಸ್ಟ್ಯಾಂಡ್ ಕೊಡುವವರು ಒಂದು ಬೇರೆ ಕೀಬೋರ್ಡನ್ನೂ ಜೊತೆಗೆ ಕೊಡಬೇಕು. ಇಲ್ಲದಿದ್ದರೆ ಅದು ಅರ್ಧ ಉಡುಗೊರೆ.

ಕೀಬೋರ್ಡ್ ಮಾತ್ರ ಒಂಟಿಯಾಗಿಯೂ ಗೆದ್ದಿತು. ಇದರ ಕೀಲಿ ಸುಮಾರು 4 ಮಿಲಿಮೀಟರ್ ಕೆಳಗೆ ಹೋಗುತ್ತದೆ. ಲ್ಯಾಪ್‌ಟಾಪಿನದು ಅದರ ಅರ್ಧದಷ್ಟೂ ಇರುವುದಿಲ್ಲ. ಕನ್ನಡ ಟೈಪ್ ಮಾಡುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಕೀಲಿ ಒತ್ತುವ ಕೈಗಳು ನಮ್ಮವು. ಕೊಳ್ಳುವ ಮುಂಚೆ ಸ್ವಿಚ್ಚಿನ ಬಣ್ಣ ಕೇಳಿಕೊಳ್ಳಿ. ಈ ಸ್ವಿಚ್ಚುಗಳನ್ನು ಮಾಡುವ ಚೆರ್ರಿ ಕಂಪನಿಯವರ ಲೆಕ್ಕದಲ್ಲಿ ನೀಲಿ ಟಕ್ ಟಕ್ ಸದ್ದು ಮಾಡುತ್ತದೆ. ಕಂದು ಒತ್ತುವಾಗ ನಡುವೆ ಸಣ್ಣ ಉಬ್ಬು ತಾಗುತ್ತದೆ, ಟಕ್ ಅನ್ನುವುದಿಲ್ಲ. ಕೆಂಪು ಜಾರಿಕೊಂಡು ಹೋಗುತ್ತದೆ. ನನಗೆ ಬಂದದ್ದು ನೀಲಿ. ನಾನು ಬರೆಯುವುದು ಎಲ್ಲರೂ ಮಲಗಿದ ಮೇಲೆ. ಮೂರನೇ ರಾತ್ರಿ ಪಕ್ಕದ ಕೋಣೆಯಿಂದ ಗೋಡೆ ತಟ್ಟಿದ ಸದ್ದು ಬಂತು. ಈಗ ಕಂದು ಸ್ವಿಚ್ಚಿಗೆ ಬದಲಾಯಿಸಿಕೊಂಡಿದ್ದೇನೆ, ಮನೆಯಲ್ಲಿ ಶಾಂತಿ ಇದೆ.

ಏಕಾಗ್ರತೆಗೆ ಅಂತ ಬಂದವು ಎರಡು: ಸದ್ದು ಅಡಗಿಸುವ ಹೆಡ್‌ಫೋನ್, ಅಡುಗೆಮನೆಯಲ್ಲಿ ಇಡುವಂಥ ತಿರುಗಿಸುವ ಟೈಮರ್. ಹೆಡ್‌ಫೋನ್ ಗೆಲ್ಲುತ್ತದೆ ಅಂದುಕೊಂಡಿದ್ದೆ. ಅದು ಫ್ಯಾನಿನ ಗುಂಯ್, ಬಸ್ಸಿನ ಇಂಜಿನ್ ಇಂಥ ಒಂದೇ ಸಮನೆಯ ತಗ್ಗು ಸದ್ದನ್ನು ನಿಜಕ್ಕೂ ಮಾಯ ಮಾಡುತ್ತದೆ. ಮನುಷ್ಯರ ಮಾತನ್ನು ಅಷ್ಟಾಗಿ ಅಲ್ಲ. ಇನ್ನೂ ಕೆಟ್ಟದ್ದೆಂದರೆ, ಫ್ಯಾನ್ ಸದ್ದು ಹೋದ ಮೇಲೆ ಹಾಲ್‌ನಲ್ಲಿ ಯಾರ ಮದುವೆ ಮುರಿಯಿತು ಅನ್ನುವುದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಪ್ರಯಾಣದಲ್ಲಿ ಬರೆಯುವವರಿಗೆ ಕೊಡಿ, ಮನೆಯಲ್ಲಿ ಬರೆಯುವವರಿಗೆ ಅಷ್ಟು ಉಪಯೋಗವಿಲ್ಲ.

ಟೈಮರ್ ಹಿಂದೆ ಒಂದು ಕತೆಯೂ ಇದೆ. ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನುವ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು ಓದಲು ಕೂತ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಇಟಾಲಿಯನ್ನಿನಲ್ಲಿ ಟೊಮೆಟೊಗೆ ಪೊಮೊಡೊರೊ ಅನ್ನುತ್ತಾರೆ, ಆ ಹೆಸರೇ ಪದ್ಧತಿಗೂ ನಿಂತಿತು. ಫೋನಿನಲ್ಲೂ ಟೈಮರ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಆದರೆ ಟೈಮರ್ ಇಡಲು ಫೋನ್ ಎತ್ತಿದವರು ಫೋನ್ ಕೆಳಗಿಟ್ಟದ್ದನ್ನು ನಾನಂತೂ ನೋಡಿಲ್ಲ. ನನ್ನದರ ಟಿಕ್ ಟಿಕ್ ಎರಡು ದಿನ ತಲೆ ತಿಂದಿತು. ಟವೆಲ್ ಮೇಲೆ ಇಟ್ಟೆ, ಸರಿಹೋಯಿತು.

"ಲೇಖಕರಿದ್ದಾರೆ, ಸದ್ದು ಮಾಡಬೇಡಿ" ಎಂದು ಬರೆದ ಕಾಫಿ ಕಪ್‌ಗಳು ನನ್ನ ಹತ್ತಿರ ಮೂರಿವೆ. ನಾಲ್ಕನೆಯದು ಬೇಡ. ಬರೆಯುವುದು ಹೇಗೆ ಅಂತ ಕಲಿಸುವ ಪುಸ್ತಕಕ್ಕಿಂತ ಒಳ್ಳೆಯ ನಿಘಂಟು ವಾಸಿ.

ಈಗ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ ಜೋಡಿ. ಹೋದ ವರ್ಷ ಕುಟುಂಬದವರು ಸೇರಿ ಒಂದು ಇ-ಇಂಕ್ ಟ್ಯಾಬ್ಲೆಟ್ ಕೊಟ್ಟರು. ಕಾಗದದಂಥ ಸ್ಕ್ರೀನ್, ಮೇಲೆ ಪೆನ್ನಿನಲ್ಲಿ ಬರೆಯಬಹುದು, ಕಣ್ಣು ಉರಿಯುವುದಿಲ್ಲ. ಅದೇ ತಿಂಗಳು ಒಬ್ಬ ಗೆಳತಿ ನನ್ನ ಮುಗಿಯದ ಕಾದಂಬರಿಯ ಫೈಲ್ ಇಸಿದುಕೊಂಡು, ಹಾಳೆಯ ಒಂದೇ ಬದಿಗೆ, ಸಾಲುಗಳ ನಡುವೆ ಜಾಗ ಬಿಟ್ಟು, ಅಗಲವಾದ ಅಂಚಿನಲ್ಲಿ ಪ್ರಿಂಟ್ ಮಾಡಿಸಿದಳು. ಸ್ಪೈರಲ್ ಬೈಂಡ್ ಹಾಕಿಸಿ, ತಂತಿಯೊಳಗೆ ಒಂದು 2ಬಿ ಪೆನ್ಸಿಲ್ ಸಿಕ್ಕಿಸಿ ಕೊಟ್ಟಳು.

ಒಂದೇ ಅಧ್ಯಾಯವನ್ನು ಎರಡರಲ್ಲೂ ತಿದ್ದಿದೆ. ಟ್ಯಾಬ್ಲೆಟ್ ಕೆಟ್ಟದ್ದೇನಲ್ಲ. ಹಗುರ, ಹತ್ತು ಕರಡು ಒಂದರಲ್ಲೇ ಹಿಡಿಸುತ್ತವೆ, ಪ್ರಯಾಣಕ್ಕೆ ಅದೇ ಸರಿ. ಆದರೆ ಇಪ್ಪತ್ತು ಪುಟ ಹಿಂದಕ್ಕೆ ಹೋಗಿ ಬರುವುದರೊಳಗೆ ನಾನು ಯಾಕೆ ಹೋಗಿದ್ದೆ ಅನ್ನುವುದೇ ಮರೆತಿರುತ್ತಿತ್ತು. ಇ-ಇಂಕ್‌ನಲ್ಲಿ ಪುಟ ಬದಲಾಗುವುದು ನಿಧಾನ. ಪ್ರಿಂಟಿನಲ್ಲಿ ಎರಡು ಬೆರಳನ್ನು ಎರಡು ಪುಟದಲ್ಲಿ ಸಿಕ್ಕಿಸಿಕೊಂಡು ಅಲ್ಲಿಂದಿಲ್ಲಿಗೆ ನೋಡಬಹುದು. ಹಾಗೆ ನೋಡುವಾಗಲೇ ಪುಟ 41 ಸಿಕ್ಕಿತು. 40ರ ತನಕ ನಾಯಕನ ತಾಯಿಯ ಹೆಸರು ಸರಸ್ವತಿ. 41ರಿಂದ ಸಾವಿತ್ರಿ. ಆರು ತಿಂಗಳು ಸ್ಕ್ರೀನಿನಲ್ಲಿ ಓದಿದ್ದೆ. ಟ್ಯಾಬ್ಲೆಟ್‌ನಲ್ಲೂ ಅದೇ ಪುಟ ದಾಟಿ ಹೋಗಿದ್ದೆ. ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾಗಿ ನನಗೆ ಬಂದ ಉಡುಗೊರೆಗಳಲ್ಲಿ ಮೊದಲ ಜಾಗ ಆ ಪ್ರಿಂಟಿಗೆ. ಅದನ್ನು ಕೊಡುವಾಗ ಒಂದು ಎಚ್ಚರ ಬೇಕು. ಫೈಲನ್ನು ಕೇಳಿಯೇ ಪಡೆಯಿರಿ, ಕದಿಯಬೇಡಿ. ಮುಗಿಯದ ಬರಹವನ್ನು ಬೇರೆಯವರು ಓದುತ್ತಾರೆ ಅಂದರೆ ನಮಗೆ ಬೆವರು ಬರುತ್ತದೆ. "ಓದಲ್ಲ, ಬರೀ ಪ್ರಿಂಟ್ ಹಾಕಿಸಿ ಕೊಡ್ತೀನಿ" ಅಂತ ಮೊದಲೇ ಹೇಳಿ. ಗೆಳತಿ ನನಗೂ ಹಾಗೇ ಮಾತು ಕೊಟ್ಟಿದ್ದಳು. ಪುಟ 41ರ ವಿಷಯ ಸಿಕ್ಕ ದಿನ ಖುಷಿಯಲ್ಲಿ ಅವಳಿಗೆ ಫೋನ್ ಮಾಡಿದೆ. "ಓ, ಆ ಸಾವಿತ್ರಿ ತಾನೇ?" ಅಂದಳು.